ಸುನಿಲ್ದಾ ಟೀಚರ ಉಪವಾಸಗಳು

ಸುನಿಲ್ದಾ ಕಬಾನ್ಯಾಸ್ ಇಪ್ಪತ್ತಾರು ವರ್ಷ ನನ್ನ ಪಕ್ಕದ ಕೋಣೆಯಲ್ಲಿ ಒಂದನೆಯ ತರಗತಿಗೆ ಪಾಠ ಹೇಳಿದವರು. ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸುವುದರಲ್ಲಿ ಅವರಷ್ಟು ತಾಳ್ಮೆಯವರನ್ನು ನಾನು ಕಾಣೆ. ಊರಿನ ಕಣ್ಣಿಗೆ ಮಾತ್ರ ಅವರ ಸೊಂಟದ ಸುತ್ತಳತೆಯೊಂದೇ ಕಂಡಿತು.

ನಮ್ಮ ಪರಾಗ್ವೆಯ ಊರುಗಳಲ್ಲಿ ಮಧ್ಯಾಹ್ನ ನಾಯಿಯೂ ಬೊಗಳುವುದಿಲ್ಲ, ಎಲ್ಲರಿಗೂ ನಿದ್ದೆ. ಆ ಹೊತ್ತಿನಲ್ಲಿಯೇ ಸುನಿಲ್ದಾ ಅಡುಗೆಮನೆಯ ಬಾಗಿಲು ಹಾಕಿಕೊಂಡು ಚಿಪಾದ ಬುಟ್ಟಿಯ ಮುಂದೆ ಕೂರುತ್ತಿದ್ದರು. ಮರಗೆಣಸಿನ ಹಿಟ್ಟಿಗೆ ಚೀಸು, ಮೊಟ್ಟೆ ಕಲಸಿ ಸುಟ್ಟ ಆ ಬಳೆಯಾಕಾರದ ರೊಟ್ಟಿಗಳು ಹತ್ತಾದರೂ ಹದಿನೈದಾದರೂ ಕೈ ನಿಲ್ಲುತ್ತಿರಲಿಲ್ಲ. ರುಚಿ ತಿಳಿಯದು, ಹೊಟ್ಟೆ ನೋಯುವುದು, ಆದರೂ ತಿನ್ನುವರು. ಆಮೇಲೆ ಅಳು. ಪ್ರಾಯಶ್ಚಿತ್ತವೆಂದು ಮಾರನೆಯ ದಿನ ಉಪವಾಸ. ಎರಡು ದಿನ ಕಳೆದರೆ ಮತ್ತೆ ಬುಟ್ಟಿ.

ಇದಕ್ಕೆ ಮದ್ದು ಹೇಳಲು ಅವರ ಅತ್ತಿಗೆ ಎರ್ಮೆಲಿಂದಾ ಇದ್ದರು. ಶನಿವಾರಗಳಂದು ಚರ್ಚಿನ ಸಭಾಂಗಣದಲ್ಲಿ 'ಹಗುರ ದೇಹದ ಸಂಘ' ನಡೆಸುತ್ತಿದ್ದ ಮಹಾತಾಯಿ. ಆಕೆಯ ವೈದ್ಯಶಾಸ್ತ್ರವೆಲ್ಲ ಒಂದು ತೂಕದ ಯಂತ್ರದಲ್ಲಿ ಮುಗಿಯುತ್ತಿತ್ತು. ಸುನಿಲ್ದಾರೂ ಸೇರಿದಂತೆ ಒಬ್ಬೊಬ್ಬರನ್ನೇ ಹತ್ತಿಸಿ ತೂಕವನ್ನು ಗಟ್ಟಿಯಾಗಿ ಕೂಗುವುದು. ಇಳಿದವರಿಗೆ ಚಪ್ಪಾಳೆ, ಏರಿದವರಿಗೆ ಎಲ್ಲರೂ ಸೇರಿ ಹಂದಿಯಂತೆ ಗುಟುರು ಹಾಕುವುದು. ಇದಕ್ಕೆ ಪಾದ್ರಿಗಳ ಆಶೀರ್ವಾದ ಬೇರೆ!

"ಬಾಯಿಗೆ ಬೀಗ ಹಾಕ್ಕೊಳ್ಳೇ ಸುನಿ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ನಲವತ್ತು ದಿನ ಚಿಪಾ ಮುಟ್ಟಲ್ಲ ಅಂತ ಮಾತೆಗೆ ಹರಕೆ ಹೊರು."

ಹೊತ್ತರು. ಹನ್ನೆರಡನೆಯ ದಿನ ಕರಿಹಲಗೆಯ ಮುಂದೆ ತಲೆ ಸುತ್ತಿ ಬಿದ್ದರು. ಮಕ್ಕಳು ಚೀರಿದವು. ಹೆಡ್ಮಾಸ್ತರರು ಬಂದು, "ಇನ್ನೊಂದ್ಸಲ ಬಿದ್ರೆ ಮನೇಲೇ ಇದ್ದುಬಿಡಿ ಟೀಚರ್," ಎಂದರು. ಮದುವೆ ಮಕ್ಕಳೊಂದೂ ಇಲ್ಲದ ಆಕೆಗೆ ಆ ತರಗತಿಯೇ ಮನೆಯಾಗಿತ್ತು.

"ಸ್ವಲ್ಪ ಕಡಿಮೆ ತಿನ್ನಿ" ಎಂದು ಹತ್ತು ವರ್ಷ ಉಪದೇಶಿಸಿದ ಬುದ್ಧಿವಂತರಲ್ಲಿ ನಾನೂ ಒಬ್ಬ. ಅಂದು ಮಾತ್ರ ಬಾಯಿ ಮುಚ್ಚಿಕೊಂಡು ಅವರನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದೆ. ಅಲ್ಲಿ ಗುರುವಾರಕ್ಕೊಮ್ಮೆ ಬರುವ ಮನೋವೈದ್ಯೆ ಮಿರ್ತಾ ಇದ್ದರು. ಆಕೆ ತೂಕ ಕೇಳಲಿಲ್ಲ.

"ಬೆಳಗ್ಗೆ ಏನ್ ತಿಂದ್ರಿ?"

"ಏನೂ ಇಲ್ಲ ಡಾಕ್ಟ್ರೇ."

"ನಿನ್ನೆ?"

"ನಿನ್ನೇನೂ ಇಲ್ಲ."

"ಮೊನ್ನೆ?"

ಸುನಿಲ್ದಾ ತಲೆ ತಗ್ಗಿಸಿದರು. "ಹರಕೆ ಮುರಿದೆ. ಹದಿನೆಂಟು ಚಿಪಾ."

"ನೀವು ಹೊಟ್ಟೆಬಾಕಿ ಅಲ್ಲ ಟೀಚರ್. ಇದೊಂದು ಕಾಯಿಲೆ, ವಾಸಿ ಮಾಡಬಹುದು. ಇದಕ್ಕೆ ಮೇವು ಹಾಕ್ತಿರೋದೇ ನಿಮ್ಮ ಉಪವಾಸ."

ಚಿಕಿತ್ಸೆ ಬಲು ಸರಳ, ಅದಕ್ಕೇ ಊರಿಗೆ ಅರ್ಥವಾಗಲಿಲ್ಲ. ದಿನಕ್ಕೆ ನಾಲ್ಕು ಸಲ, ಹೊತ್ತಿಗೆ ಸರಿಯಾಗಿ, ಮೇಜಿನ ಮುಂದೆ ಕುಳಿತು ತಿನ್ನಬೇಕು. ಯಾವುದೂ ನಿಷೇಧವಿಲ್ಲ. ಕೈ ಮೀರಿ ತಿಂದರೆ ಅದಕ್ಕೆ ಮೊದಲು ಮನಸ್ಸಿನಲ್ಲಿ ಏನಿತ್ತೆಂದು ಬರೆದಿಟ್ಟು ಗುರುವಾರ ಮಾತನಾಡಬೇಕು. ಎರಡು ತಿಂಗಳು ಬರೆದ ಮೇಲೆ ಒಂದು ವಿಷಯ ಬಯಲಾಯಿತು: ಬುಟ್ಟಿ ಪೂರ್ತಿ ಬರಿದಾದದ್ದು ಹೆಚ್ಚಾಗಿ ಶನಿವಾರ, ಸಂಘದಿಂದ ಬಂದ ಮೇಲೆ. ಸುನಿಲ್ದಾ ಸಂಘ ಬಿಟ್ಟರು.

ಎರ್ಮೆಲಿಂದಾ ಬೀದಿಗೆಲ್ಲ ಸಾರಿದರು: "ತಿನ್ನೋ ರೋಗಕ್ಕೆ ತಿನ್ನೋದೇ ಔಷಧಿಯಂತೆ! ನಾಳೆ ಕುಡುಕರಿಗೆ ಕುಡಿಸ್ತಾಳೇನೋ ಆ ಡಾಕ್ಟರಮ್ಮ!"

ತೂಕ ಅಂಥದ್ದೇನೂ ಇಳಿಯಲಿಲ್ಲ. ಆದರೆ ಬುಟ್ಟಿಯ ಮಧ್ಯಾಹ್ನಗಳು ವಾರಕ್ಕೆ ಮೂರಿದ್ದವು ತಿಂಗಳಿಗೆ ಒಂದಾದವು, ಬಳಿಕ ನಿಂತಂತೆಯೇ ಆದವು. ಆಗಸ್ಟಿನ ಒಂದು ಭಾನುವಾರ ಮಾತ್ರ ಕಾಯಿಲೆ ಮರಳಿತು. ಅಳುವ ಸದ್ದು ಪಕ್ಕದ ಮನೆಗೂ ಕೇಳಿಸಿತು. ಸೋಮವಾರ ಬೆಳಿಗ್ಗೆ ನಾನು ಶಾಲೆಗೆ ಕರೆಯಲು ಹೋದಾಗ ಎರ್ಮೆಲಿಂದಾ ಆಗಲೇ ಸೊಂಟ ಇಳಿಸುವ ಸೊಪ್ಪಿನ ಕಟ್ಟು ಹಿಡಿದು ನಿಂತಿದ್ದರು. ಸುನಿಲ್ದಾರ ಮುಂದೆ ಬಿಸಿ ಹಾಲಿನ ಲೋಟ, ತಟ್ಟೆಯಲ್ಲಿ ಎರಡು ಚಿಪಾ.

"ನಿನ್ನೆ ಅಷ್ಟು ಮುಕ್ಕಿ ಇವತ್ತೂ ತಿಂತಿದೀಯಲ್ಲೇ, ನಾಚಿಕೆ ಆಗಲ್ವಾ?"

"ಆಗತ್ತೆ ಅತ್ತಿಗೆ. ಆದ್ರೆ ಏಳಕ್ಕೆ ಪಾಠ ಇದೆ."

ಸುನಿಲ್ದಾ ಎರಡನ್ನೂ ನಿಧಾನವಾಗಿ ತಿಂದು, ಬಾಯಿ ಒರೆಸಿಕೊಂಡು ನನ್ನೊಡನೆ ಹೊರಟರು. ಹನ್ನೊಂದರವರೆಗೆ ನಿಂತೇ ಪಾಠ ಹೇಳಿದರು. ಆಮೇಲೂ ಒಂಬತ್ತು ವರ್ಷ ಹೇಳಿದರು. ಕಾಯಿಲೆ ಆಗೊಮ್ಮೆ ಈಗೊಮ್ಮೆ ಇಣುಕಿತು, ಆದರೆ ಮಾರನೆಯ ಬೆಳಗಿನ ತಿಂಡಿಯನ್ನು ಅವರು ಒಂದು ದಿನವೂ ಬಿಡಲಿಲ್ಲ.