ನಿನ್ನೆಯ ಸಾರು ಮತ್ತು ಅವ್ವನ ಹೊಸ ಹೊಟ್ಟೆ

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವರಲ್ಲಿ ನಾನೇ ಮೊದಲಿಗಳು. ಒಂದು ರಜೆಯ ಅರ್ಜಿಯನ್ನು ಬರೆದರೂ ಮೂರು ಸಲ ತಿದ್ದುವ ಅಂಜಿಕೆ ನನಗಿದೆ. ಹೀಗಿರುವಾಗ ಅಡುಗೆಮನೆಯ, ಅದರಲ್ಲೂ ಹೊಟ್ಟೆಯ ವಿಷಯವನ್ನು ಎಷ್ಟು ಮರ್ಯಾದೆಯಿಂದ ಹೇಳಬೇಕೆಂಬುದು ನನಗೆ ಸರಿಯಾಗಿ ತಿಳಿಯದು. ಹೇಳುವ ಕ್ರಮದಲ್ಲಿ ಕುಂದು ಕಂಡರೆ ಅದು ನನ್ನದು, ಅವ್ವನದಲ್ಲ.

ಇಂದು ಬೆಳಿಗ್ಗೆ ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ನಿನ್ನೆಯ ಬಸ್ಸಾರು ಕುದಿಯುತ್ತಿತ್ತು. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನ ಆ ಸಾರು ಎರಡನೆಯ ದಿನ ಕುದಿಯುವಾಗ ಹುಣಸೆ, ಬೆಳ್ಳುಳ್ಳಿಗಳು ಒಂದರೊಳಗೊಂದು ಕರಗಿ ಬರುವ ಪರಿಮಳ ನಿಮಗೂ ಪರಿಚಯವಿರಬಹುದು. ಮೂಗಿಗೆ ಅದು ತಾಗಿದೊಡನೆ, ಎರಡು ವರ್ಷದ ಹಿಂದೆ ನಾನು ಬಹಳ ಓದಿ, ಬಹಳ ಯೋಚಿಸಿ ಮಾಡಿದ ಒಂದು ತಪ್ಪು ನೆನಪಾಯಿತು.

ಅಪ್ಪ ತರಗುಪೇಟೆಯಲ್ಲಿ ಮೂಟೆ ಹೊರುತ್ತಿದ್ದರು. ಅವ್ವ ಮನೆಯಲ್ಲಿಯೇ ಹತ್ತು ಜನ ಹಮಾಲರಿಗೆ ಮಧ್ಯಾಹ್ನದ ಮುದ್ದೆ, ಸಾರು ಮಾಡಿ ಬಡಿಸುತ್ತಿದ್ದಳು. ಎಲ್ಲರೂ ಉಂಡು ಎದ್ದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದು ಅವ್ವನ ಊಟ. ನಿನ್ನೆ ಉಳಿದು ಇಂದು ಬಿಸಿಯಾದದ್ದೂ ಅವಳದೇ. ಕೆಲವು ದಿನ ಅದು ನಾಲ್ಕು ತುತ್ತು, ಕೆಲವು ದಿನ ಮೂವರ ಪಾಲು. ಹೆಚ್ಚಾಯಿತೆಂದು ಚೆಲ್ಲಿದ್ದನ್ನು ನಾನು ಕಂಡಿಲ್ಲ. “ನಮ್ಮನೇಗೆ ಫ್ರಿಜ್ ಯಾಕಮ್ಮಾ? ಅಗಾ, ನಿಮ್ಮವ್ವ ನಿಂತವ್ಳಲ್ಲ!” ಎಂದು ಅಪ್ಪ ನಗುತ್ತಿದ್ದರು. “ನಗು, ನಗು. ನಿಂಗೆ ಹಾಕೋ ಮುದ್ದೇಲಿ ಕಡಿಮೆ ಮಾಡ್ತೀನಿ ತಡಿ” ಎಂದು ಅವ್ವನೂ ನಗುತ್ತಿದ್ದಳು.

ಅವಳ ತೂಕ ಏರಿದ್ದಕ್ಕೆ ಇದೊಂದೇ ಕಾರಣವೆನ್ನುವಷ್ಟು ವೈದ್ಯಶಾಸ್ತ್ರ ನನಗೆ ಗೊತ್ತಿಲ್ಲ. ಮಂಡಿ ಸೋತಿತು, ಸಕ್ಕರೆ ಕಾಯಿಲೆ ಹತೋಟಿ ತಪ್ಪಿತು. ಕೊನೆಗೆ ವೈದ್ಯರು ಹೊಟ್ಟೆಯ ಗಾತ್ರವನ್ನು ಕಡಿಮೆ ಮಾಡುವ ಶಸ್ತ್ರಚಿಕಿತ್ಸೆಯನ್ನು ಸೂಚಿಸಿದರು. ಭಯಪಟ್ಟವಳು ನಾನು. ಅವ್ವ ಮಾತ್ರ ಆಸ್ಪತ್ರೆಯ ಹಾಸಿಗೆಯ ಮೇಲೆ ಕುಳಿತು, “ದೊಡ್ಡ ಪಾತ್ರೆ ಕೊಟ್ಟು ಚಿಕ್ಕ ಪಾತ್ರೆ ಈಸ್ಕೊಂಡಂಗೆ, ಅಷ್ಟೇ ತಾನೆ?” ಎಂದಳು. ಅಷ್ಟು ಚೆನ್ನಾಗಿ ನಮಗೆ ಯಾವ ವೈದ್ಯರೂ ವಿವರಿಸಿರಲಿಲ್ಲ.

ಗಂಜಿಯ ದಿನಗಳು, ಮೆತ್ತಗೆ ಅರೆದ ಆಹಾರದ ದಿನಗಳು ಮುಗಿದವು. ಇನ್ನು ಮೇಲೆ ಗಟ್ಟಿ ಆಹಾರ ಕೊಡಬಹುದು, ಮೊಟ್ಟೆ, ಬೇಳೆ, ಕೋಳಿಯಂಥದ್ದು ಮೊದಲು ಹೊಟ್ಟೆಗೆ ಹೋಗಬೇಕು ಎಂದರು ವೈದ್ಯರು. ನನ್ನ ವಿದ್ಯೆ ಜಾಗೃತವಾದದ್ದು ಆಗಲೇ. ವಾರವಿಡೀ ನನಗೆ ಕಚೇರಿ. ಅಪ್ಪನಿಗೆ ನೀರು ಕಾಯಿಸುವುದರ ಆಚೆಗೆ ಅಡುಗೆ ಬಾರದು. ಅವ್ವ ಒಲೆಯ ಮುಂದೆ ನಿಲ್ಲಬಾರದೆಂಬುದು ನನ್ನ ಹಟ. ಆದ್ದರಿಂದ ಭಾನುವಾರ ಅಡುಗೆ ಮಾಡಿ, ಚಿಕ್ಕ ಚಿಕ್ಕ ಡಬ್ಬಿಗಳಲ್ಲಿ ತುಂಬಿ, ಒಂದೊಂದಕ್ಕೂ ವಾರದ ಹೆಸರು ಬರೆದ ಚೀಟಿ ಅಂಟಿಸಿ, ಹೊಸದಾಗಿ ಕೊಂಡ ಫ್ರಿಜ್ಜಿನಲ್ಲಿ ಇಡತೊಡಗಿದೆ. ಮೈಕ್ರೋವೇವನ್ನೂ ಕೊಂಡೆ. ವೇಳಾಪಟ್ಟಿಯನ್ನು ಬೆರಳಚ್ಚು ಮಾಡಿ ಗೋಡೆಗೆ ಹಚ್ಚಿದೆ: “ಮಧ್ಯಾಹ್ನ ಒಂದು ಗಂಟೆ. ಕೋಳಿ. ಎರಡು ನಿಮಿಷ ಬಿಸಿ ಮಾಡತಕ್ಕದ್ದು.” ಆ ‘ಮಾಡತಕ್ಕದ್ದು’ ಎಂಬ ಪದದ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಪ್ರತಿ ಸಂಜೆಯೂ ಡಬ್ಬಿ ಖಾಲಿಯಾಗಿ, ತೊಳೆದು, ಬೋರಲು ಹಾಕಿರುತ್ತಿತ್ತು. “ತಿಂದ್ಯಾ ಅವ್ವಾ?” ಎಂದರೆ “ಹೂಂ, ಆಯ್ತು” ಎನ್ನುತ್ತಿದ್ದಳು. ಆದರೆ ತಪಾಸಣೆಗೆ ಹೋದಾಗ ಪಥ್ಯದ ಸಲಹೆಗಾರ್ತಿ ಮುಖ ಗಂಟಿಕ್ಕಿಕೊಂಡರು. ತೂಕ ಇಳಿಯಬೇಕಾದುದಕ್ಕಿಂತ ಬೇಗ ಇಳಿಯುತ್ತಿದೆ, ಮೈಯಲ್ಲಿ ಸತ್ವವಿಲ್ಲ, ಹೀಗೇ ಆದರೆ ಮತ್ತೆ ದಾಖಲು ಮಾಡಿಕೊಳ್ಳಬೇಕಾದೀತು ಎಂದರು. ಮನೆಗೆ ಬಂದು ನಾಲ್ಕು ಮೆಟ್ಟಿಲು ಹತ್ತುವುದರಲ್ಲಿ ಅವ್ವ ಎರಡು ಸಲ ಕುಳಿತಳು. ನಾನು ವೇಳಾಪಟ್ಟಿಯನ್ನು ಇನ್ನಷ್ಟು ಬಿಗಿಗೊಳಿಸಿದೆ.

ಇಲ್ಲಿ ನಮ್ಮ ಬೀದಿಯ ಒಂದು ಕಪ್ಪು ನಾಯಿಯ ವಿಷಯ ಹೇಳಬೇಕು. ಅದು ಇದ್ದಕ್ಕಿದ್ದಂತೆ ಮೈತುಂಬಿಕೊಂಡು, ರೋಮ ಮಿರುಗುತ್ತ, ನಮ್ಮ ಗೇಟಿನ ಮುಂದೆ ಗಂಭೀರವಾಗಿ ಕುಳಿತಿರುತ್ತಿತ್ತು. ನಾನು ಅದನ್ನು ದಿನವೂ ನೋಡಿದ್ದೆ. ಪದವಿ ಇದ್ದೂ ಅದರ ಅರ್ಥ ಹೊಳೆಯಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಕಚೇರಿಯಿಂದ ಬೇಗ ಬಂದೆ. ಅವ್ವ ಹಿತ್ತಿಲ ಕೊಳಾಯಿಯ ಬಳಿ ಬಗ್ಗಿ, ಎದೆ ನೀವಿಕೊಳ್ಳುತ್ತ, ನೊರೆ ಉಗುಳುತ್ತಿದ್ದಳು. ಪಕ್ಕದಲ್ಲಿ ‘ಶನಿವಾರ’ದ ಡಬ್ಬಿ. ಡಬ್ಬಿಯೊಳಗೆ ನಾಯಿಯ ಮೂತಿ.

“ಎಷ್ಟ್ ದಿನದಿಂದ ಹಿಂಗೆ?” ಎಂದೆ.

“ನೀನ್ ಡಬ್ಬಿ ಕಟ್ಟಿಡಕ್ಕೆ ಶುರು ಮಾಡ್ದಾಗಿಂದ. ಬಿಸಿ ಮಾಡಿದ್ ಕೋಳಿ ಹಗ್ಗ ಆದಂಗಾಗ್ತದೆ ಕಣೇ. ಅನ್ನಾನೂ ಅಷ್ಟೆ. ಎದೇಲಿ ಸಿಕ್ಕಾಕೊಂಡ್ರೆ ಕೆಳಕ್ಕೂ ಇಳಿಯಲ್ಲ, ಮೇಲಕ್ಕೂ ಬರಲ್ಲ.”

“ಹೇಳ್ಬಾರ್ದಾ ಅವ್ವಾ?”

“ಹೆಂಗ್ ಹೇಳ್ಲಿ? ಓದಿರೋಳು ಯೋಚ್ನೆ ಮಾಡಿ ಗೋಡೆಗ್ ಅಂಟ್ಸಿದೀಯ. ಮೂವತ್ ವರ್ಷ ತಂಗಳು ತಿಂದ್ಕಂಡು ಬಂದೋಳು, ಇವತ್ತು ನಂಗೆ ಬಿಸಿಬಿಸೀದೇ ಮಾಡ್ಕೊಡಿ ಅಂದ್ರೆ ಕೊಬ್ಬು ಅನ್ನಲ್ವಾ?”

ನಾನು ಅಲ್ಲಿಯೇ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಹೊಸದಾಗಿ ಮಾಡಿದ ಅಡುಗೆಯ ಮೊದಲ ತುತ್ತನ್ನು ಅವ್ವ ಉಂಡದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅವಳ ಹೊಟ್ಟೆ ಈಗ ಅದನ್ನೇ ಕೇಳುತ್ತಿತ್ತು, ಅವಳ ಬಾಯಿಗೆ ಮಾತ್ರ ಕೇಳಿ ಅಭ್ಯಾಸವಿರಲಿಲ್ಲ. ನಾನೋ, ಅಚ್ಚುಕಟ್ಟಾದ ಡಬ್ಬಿಗಳಲ್ಲಿ ಅವಳಿಗೆ ಮತ್ತೆ ಉಳಿದದ್ದನ್ನೇ ಬಡಿಸಿದ್ದೆ.

ಮರುದಿನ ಸಲಹೆಗಾರ್ತಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. “ಎಷ್ಟೋ ಜನಕ್ಕೆ ಹಂಗಾಗುತ್ತೆ. ಒಣಗಿದ್ದು ಸದ್ಯಕ್ಕೆ ಬೇಡ, ಹೊಸದಾಗಿ ಮೆತ್ತಗೆ ಮಾಡ್ಕೊಡಿ. ಆಮೇಲೆ ಒಂದೊಂದೇ ನೋಡೋಣ” ಎಂದರು. ಅವ್ವ ಅಟ್ಟದಿಂದ ನನ್ನ ಬಾಲ್ಯದಲ್ಲಿ ಹಾಲು ಕಾಯಿಸುತ್ತಿದ್ದ ಪುಟ್ಟ ಪಾತ್ರೆಯನ್ನು ಇಳಿಸಿದಳು. ಹತ್ತು ಜನರಿಗೆ ಮುದ್ದೆ ತೊಳಸಿದ ಆ ಕೈ ಅದರಲ್ಲಿ ಎರಡು ಚಮಚ ಬೇಳೆ ಬೇಯಿಸುವುದನ್ನು ಹೊಸದಾಗಿ ಕಲಿಯಿತು. ತಿನ್ನಲು ಅರ್ಧ ಗಂಟೆ. “ಇವಳು ಎರಡು ಚಮಚ ಉಣ್ಣೋದ್ರೊಳಗೆ ಮದುವೆ ಮನೇಲಿ ಮೂರು ಪಂಕ್ತಿ ಏಳ್ತವೆ” ಎಂದರು ಅಪ್ಪ. ಹಾಗೆನ್ನುತ್ತಲೇ ತಾವೂ ತಟ್ಟೆ ಹಿಡಿದು ಅಷ್ಟು ಹೊತ್ತು ಜೊತೆಗೆ ಕುಳಿತಿರುತ್ತಿದ್ದರು.

ನಾನು ಬೆರಗಾದದ್ದು ಅನಂತರ. ಶಕ್ತಿ ಮರಳಿದ ಮೇಲೆ, ಸಲಹೆಗಾರ್ತಿಯನ್ನು ಕೇಳಿಕೊಂಡೇ, ಅವ್ವ ನಿನ್ನೆಯ ಅಡುಗೆಯನ್ನು ಪರೀಕ್ಷೆಗೆ ಒಡ್ಡಿದಳು. ಮೊದಲು ಮತ್ತೆ ಕುದಿಸಿದ ಬಸ್ಸಾರಿನ ತಿಳಿ, ಒಂದೇ ಚಮಚ. ಇಳಿಯಿತು. ವಾರದ ಮೇಲೆ ಬಸಿದ ಸೊಪ್ಪು, ಕಾಳಿನ ಪಲ್ಯ, ಚೆನ್ನಾಗಿ ಹಿಸುಕಿ. ಇಳಿಯಿತು. ಅನ್ನವನ್ನು ಬಿಸಿನೀರು ಚಿಮುಕಿಸಿ ಇಡ್ಲಿ ಪಾತ್ರೆಯಲ್ಲಿ ಹಬೆಗಿಟ್ಟಳು. ಎರಡು ಸಲ ಸೋತು ಮೂರನೆಯ ಸಲ ಗೆದ್ದಳು. ಕೋಳಿಯನ್ನು ಎಳೆಎಳೆಯಾಗಿ ಬಿಡಿಸಿ ಕುದಿಯುವ ಸಾರಿನಲ್ಲಿ ಮುಚ್ಚಿಟ್ಟಳು. ಸೋತ ದಿನ ಚಮಚವನ್ನು ಕೆಳಗಿಟ್ಟು, “ಇವತ್ತು ಬ್ಯಾಡ ಅಂತೈತೆ, ಬಿಡು” ಎಂದು ಸುಮ್ಮನೆ ಏಳುತ್ತಿದ್ದಳು. ಪರೀಕ್ಷೆಯೊಂದರಲ್ಲಿ ಎರಡು ಅಂಕ ಕಡಿಮೆ ಬಂದರೆ ಮೂರು ದಿನ ಊಟ ಬಿಟ್ಟವಳು ನಾನು. ಅಷ್ಟು ನಿರಾಳವಾಗಿ ಸೋಲುವುದನ್ನು ನನಗೆ ಯಾವ ಕಾಲೇಜೂ ಕಲಿಸಿರಲಿಲ್ಲ.

ಇಂದು ಬೆಳಿಗ್ಗೆ ಸಾರು ಕುದಿದಾಗ ಅವ್ವ ಕೂಗಿದಳು: “ಬನ್ರೇ, ನಿನ್ನೇದು ಮೂರು ಪಾಲು ಮಾಡಿದೀನಿ. ನಂದು ಚಿಕ್ಕದು, ಯಾರೂ ಮುಟ್ಟಂಗಿಲ್ಲ!”

ನಮ್ಮ ಮನೆಯಲ್ಲಿ ಈಗ ಹೊಸ ಅಡುಗೆಯ ಮೊದಲ ತಟ್ಟೆ ಅವ್ವನದು. ಅವಳು ಕುಳಿತ ಮೇಲೆ ನಾವು ಕೂರುತ್ತೇವೆ. ಉಳಿದದ್ದನ್ನು ಮರುದಿನ ಮೂವರೂ ತಿನ್ನುತ್ತೇವೆ. ಅಪ್ಪ ಬೇಳೆ ಬೇಯಿಸುವುದನ್ನು ಕಲಿತಿದ್ದಾರೆ. ಗೋಡೆಯ ಮೇಲೆ ವೇಳಾಪಟ್ಟಿ ಇಲ್ಲ. ಏನು ಇಳಿಯಿತು, ಏನು ಇಳಿಯಲಿಲ್ಲ ಎಂದು ಅವ್ವನೇ ಹೇಳುತ್ತಾಳೆ. ನಾಯಿ ಮತ್ತೆ ಸಣ್ಣಗಾಗಿದೆ.