ಶಹಾಪುರದ ಅಂಗಡಿಯಲ್ಲಿ ನಾನು ಬರೆಸಿದ ‘ಇಲ್ಲ’

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಮರುದಿನವೇ ತಲೆಯ ಮೇಲೆ ಕಲ್ಲು ಬಂತು, ಹತ್ತು ವರ್ಷ ಕಳೆದ ಮೇಲೆ ಕೈಗೆ ಗಾರೆ ಹಚ್ಚುವ ಕರಣೆ ಬಂತು, ಗೌಂಡಿಯಾದೆ. ಶಹಾಪುರ, ಸುರಪುರ, ಯಾದಗಿರಿ ಮೂರೂ ಕಡೆ ನಾನು ಕಟ್ಟಿದ ಗೋಡೆಗಳು ನಿಂತಿವೆ, ಒಂದೂ ಸೊಟ್ಟ ಇಲ್ಲ. ಈ ಮಾತು ಹೇಳುವಾಗ ಈಗಲೂ ಎದೆ ಉಬ್ಬುತ್ತದೆ. ಇಲ್ಲಿ ಬರೆಯಬೇಕಾದ ಸಂಗತಿ ಮಾತ್ರ ಅಂಥದ್ದಲ್ಲ.

ನಮ್ಮದು ಅಪ್ಪನ ಕಾಲಕ್ಕೇ ಬುದ್ಧನ ದಾರಿ ಹಿಡಿದ ಮನೆ. ನಮ್ಮ ಬಾಗಿಲಲ್ಲಿ ನಿಂತರೆ ಬುದ್ಧ ಮಲಗಿದ ಹಾಗಿರುವ ಬೆಟ್ಟ ಕಾಣುತ್ತದೆ. ಹಣೆ, ಮೂಗು, ಎದೆ ಎಲ್ಲ ಬೇರೆಬೇರೆ ಗುರುತು ಹಿಡಿಯಬಹುದು. ನನ್ನ ಹೆಂಡತಿ ಬೆಳಗ್ಗೆ ಅಂಗಳಕ್ಕೆ ನೀರು ಹೊಡೆದು ಆ ಕಡೆ ಒಮ್ಮೆ ನೋಡಿಯೇ ಒಳಗೆ ಬರುವವಳು. ಸುರಪುರದ ಒಬ್ಬ ನಿವೃತ್ತ ಮಾಸ್ತರರು ನಮ್ಮವರನ್ನು ಇಪ್ಪತ್ತು ಮಂದಿ ಕೂಡಿಸಿ ಶ್ರೀಲಂಕಾಕ್ಕೆ ಹೊರಟಿದ್ದರು. ಅಲ್ಲಿ ಪೊಲೊನ್ನರುವ ಎಂಬಲ್ಲಿ ಒಂದೇ ಬಂಡೆಯಲ್ಲಿ ಕಡೆದ ಮಲಗಿದ ಬುದ್ಧ ಇದ್ದಾನೆ ಎಂದು ಅವರು ಹೇಳಿದ್ದನ್ನು ಕೇಳಿ ಇವಳು ಮೂರು ದಿನ ಬೆಳಗ್ಗೆ ಬೆಟ್ಟದ ಕಡೆ ಹೆಚ್ಚು ಹೊತ್ತು ನೋಡುತ್ತ ನಿಂತಳು. ನಾಲ್ಕನೇ ದಿನ, ಹೋಗೋಣೇನು ಎಂದಳು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಪಾಸ್‌ಪೋರ್ಟ್ ಬಂತು. ಟಿಕೆಟ್ಟು, ವೀಸಾ ಎಲ್ಲ ಮಾಸ್ತರರೇ ನೋಡಿಕೊಂಡರು. ಪ್ರವಾಸದ ವಿಮೆ ಮಾತ್ರ ಅವರವರ ಮೈ ನೋಡಿಕೊಂಡು ಅವರವರೇ ಮಾಡಿಸಬೇಕು, ಪಾಲಿಸಿ ಎಲ್ಲ ಒಂದೇ ತರಹ ಇರುವುದಿಲ್ಲ ಎಂದು ತಿಳಿಸಿ ಹೇಳಿದರು.

ಶಹಾಪುರದ ಬಸ್ ನಿಲ್ದಾಣದ ಹಿಂದೆ ಪಹಣಿ, ರೈಲಿನ ಟಿಕೆಟ್ಟು, ವಿಮೆ ಎಲ್ಲವನ್ನೂ ಮಾಡಿಕೊಡುವ ಒಂದು ಆನ್‌ಲೈನ್ ಅಂಗಡಿ ಇದೆ. ಹೆಂಡತಿಯನ್ನು ಕರೆದುಕೊಂಡು ಹೋದೆ. ಸಿಮೆಂಟು ಆರಿಸುವವನ ಹಾಗೆ ಒಂದೊಂದನ್ನೂ ಕೆದಕಿ ಕೇಳಿದೆ: ಚೀಲ ಕಳೆದರೆ ಎಷ್ಟು ಕೊಡುತ್ತಾರೆ, ವಿಮಾನ ತಡವಾದರೆ ಏನು, ಪಾಸ್‌ಪೋರ್ಟ್ ಕಳೆದರೆ ಏನು. ಅಂಗಡಿಯವನು ಮೂರು ಪಾಲಿಸಿ ತೋರಿಸಿದ. ಮೊದಲನೆಯದು ಅಗ್ಗದ್ದು. ಎರಡನೆಯದರಲ್ಲಿ ಚೀಲಕ್ಕೆ ಹೆಚ್ಚು ಸಿಗುತ್ತದೆ. ಮೂರನೆಯದರಲ್ಲಿ ಮೊದಲಿನಿಂದ ಇದ್ದ ರೋಗ ಅಲ್ಲಿ ಒಮ್ಮೆಲೇ ಜೋರಾದರೂ ಆಸ್ಪತ್ರೆ ಖರ್ಚು ನೋಡಿಕೊಳ್ಳುತ್ತಾರೆ, ಆದರೆ ರೋಗ ಇದೆ ಎಂದು ಮೊದಲೇ ಬರೆಸಿರಬೇಕು. ನನ್ನ ಹಿಂದಿನ ಬೆಂಚಿನ ಮೇಲೆ ನಮ್ಮ ಜೊತೆ ಪ್ರವಾಸಕ್ಕೆ ಬರುವ ಇಬ್ಬರು ಕೂತಿದ್ದರು. ಅವರ ಪಕ್ಕ, ಯಾವ ಗುತ್ತೇದಾರನ ಕೈಯಲ್ಲಿ ನಾನು ಇಪ್ಪತ್ತು ವರ್ಷ ದುಡಿದಿದ್ದೆನೋ ಅವನೂ ಇದ್ದ. ನಾಲ್ಕನೇ ಇಯತ್ತೆಯವನ ಪ್ರಶ್ನೆಗಳನ್ನು ಮೂವರೂ ಕಿವಿಗೊಟ್ಟು ಕೇಳುತ್ತಿದ್ದರು. ಅದು ನನಗೆ ಗೊತ್ತಿತ್ತು.

ಹೆಂಡತಿಗೆ ಸಕ್ಕರೆ ರೋಗ ಬಂದು ಆಗ ಎರಡು ವರ್ಷ. ಶಹಾಪುರದ ದವಾಖಾನೆಯಲ್ಲಿ ಚೀಟಿ ಮಾಡಿಸಲು ನಿಂತರೆ ಓಣಿಯವರು ಯಾರಾದರೂ ಸಿಕ್ಕೇ ಸಿಗುತ್ತಾರೆ. ಅದಕ್ಕೆ ಅವಳನ್ನು ಯಾದಗಿರಿಗೆ ಕರೆದೊಯ್ದು ತೋರಿಸುತ್ತಿದ್ದೆ. ನಮ್ಮ ಓಣಿಯಲ್ಲಿ ಅದನ್ನು ಕೂತು ಉಣ್ಣುವವರ ರೋಗ ಎನ್ನುತ್ತಾರೆ. ನನ್ನ ಹೆಂಡತಿ ಕೂತು ಉಂಡವಳಲ್ಲ. ನನ್ನ ಸರಿಸಮ ಬುಟ್ಟಿ ಹೊತ್ತವಳು. ಆ ರೋಗ ನಮ್ಮ ಮನೆ ಹೊಕ್ಕದ್ದು ನಮ್ಮ ದುಡಿಮೆಗೇ ಯಾರೋ ಬೈದ ಹಾಗೆ ಅನಿಸಿತ್ತು ನನಗೆ.

ಅಂಗಡಿಯವನು ಕಂಪ್ಯೂಟರ್ ನೋಡುತ್ತಲೇ ಕೇಳಿದ: “ಕಾಕಾ, ಇಬ್ಬರಾಗ ಯಾರಿಗ್ಯಾರ ಬಿಪಿ, ಸಕ್ಕರಿ, ಹಾರ್ಟಿಂದು ಏನರ ಅದನ್ರಿ? ಇದ್ರ ಈಗ ಹೇಳ್ರಿ, ಆಮ್ಯಾಲ ನಡಿಯಂಗಿಲ್ಲ.”

ಹೆಂಡತಿ ನನ್ನ ಕಡೆ ಬಾಗಿ, “ಸಕ್ಕರಿದು ಹೇಳ್ರಿ” ಎಂದಳು, ಮೆಲ್ಲಗೆ. ಅಷ್ಟರಲ್ಲಿ ಗುತ್ತೇದಾರ ಬೆಂಚಿನಿಂದಲೇ ಬಾಯಿ ಹಾಕಿದ.

“ಗೌಂಡಿ ಮನ್ಯಾಗ ಎಲ್ಲೀ ಸಕ್ಕರಿ ರೋಗಪಾ? ಅದು ಬರಬೇಕಂದ್ರ ಮೊದಲ ನಾಕ್ ದಿನ ಕುಂತು ಉಣಬೇಕು.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಮೊಣಕೈಯಿಂದ ಹೆಂಡತಿಯನ್ನು ಒತ್ತಿ ಸುಮ್ಮನಿರಿಸಿ, “ನಮ್ಮ ಮನ್ಯಾಗ ಗುಳಿಗಿ ನುಂಗೋರು ಯಾರೂ ಇಲ್ಲ. ಇಲ್ಲ ಅಂತ ಬರಿ” ಎಂದೆ. ಮೂರನೆಯ ಪಾಲಿಸಿ ಬಿಟ್ಟು ಎರಡನೆಯದನ್ನು ಆರಿಸಿದೆ. ಎರಡು ಸೀರೆ, ಎರಡು ಅಂಗಿ ಹಿಡಿಯುವ ನಮ್ಮ ಚೀಲಕ್ಕೆ ಗಟ್ಟಿ ಭದ್ರತೆ ಸಿಕ್ಕಿತು.

ಹೊರಗೆ ಬಂದು ಗಾಡಿ ತೆಗೆಯುವಾಗ ಅವಳು ಕೇಳಿದಳು: “ವಿಮಾನ ಹತ್ತೋ ಕಡಿ ಚೀಲ ಬಿಚ್ಚಿ ನೋಡ್ತಾರಂತ. ಗುಳಿಗಿ ಸಿಕ್ರ ಏನಂತಾರ್ರಿ?”

ನಾನು ಗಾಡಿಗೆ ಕಿಕ್ ಹೊಡೆದೆ.

ಯಾದಗಿರಿಯಲ್ಲಿ ರೈಲು ಹತ್ತಿ ಚೆನ್ನೈಗೆ ಹೋದೆವು, ಅಲ್ಲಿಂದ ವಿಮಾನ. ಅನುರಾಧಪುರದ ಬೋಧಿವೃಕ್ಷದ ಕೆಳಗೆ ಅವಳು ಬಹಳ ಹೊತ್ತು ಕೂತಿದ್ದಳು. ಮೂರನೇ ದಿನದಿಂದ ಬಾಟಲಿಗಟ್ಟಲೆ ನೀರು ಕುಡಿಯತೊಡಗಿದಳು. ಸೆಕೆಗೆ ಹಾಗಾಗುತ್ತದೆ ಎಂದುಕೊಂಡೆ. ಗುಳಿಗೆ ನುಂಗಿದಳೋ ಇಲ್ಲವೋ ಕೇಳಬೇಕೆಂದು ಹೊಳೆಯಲೇ ಇಲ್ಲ, ಯಾಕೆಂದರೆ ಊರಲ್ಲಿಯೂ ನಾನು ಎಂದೂ ಕೇಳಿದವನಲ್ಲ. ಐದನೇ ದಿನ ಪೊಲೊನ್ನರುವದ ದಾರಿಯಲ್ಲಿ ಬಸ್ಸಿನಲ್ಲೇ ವಾಂತಿ ಮಾಡಿಕೊಂಡಳು. ಆಮೇಲೆ ಕರೆದರೆ ‘ಓ’ ಎನ್ನಲೂ ತ್ರಾಣವಿಲ್ಲದ ಹಾಗೆ ನನ್ನ ಹೆಗಲಿಗೆ ಒರಗಿಬಿಟ್ಟಳು.

ಆಸ್ಪತ್ರೆಯಲ್ಲಿ ಡಾಕ್ಟರು ಇಂಗ್ಲಿಷಿನಲ್ಲಿ ಕೇಳಿದ್ದನ್ನು ಮಾಸ್ತರರು ನಮ್ಮ ಮಾತಿನಲ್ಲಿ ಕೇಳಿದರು: “ತಂಗೆಮ್ಮ, ನಿನಗ ಮೊದಲಿಂದ ಸಕ್ಕರಿ ಅದ ಏನು?”

ಅವಳು ಕಷ್ಟಪಟ್ಟು ಕಣ್ಣು ತೆರೆದಳು. ಮಾಸ್ತರರನ್ನು ನೋಡಲಿಲ್ಲ, ಡಾಕ್ಟರನ್ನೂ ನೋಡಲಿಲ್ಲ. ನನ್ನ ಮುಖ ಹುಡುಕಿ ನೋಡಿದಳು.

“ಇಲ್ರೀ ಸರ,” ಎಂದಳು.

ಅಂದು ಅಂಗಡಿಯ ಬೆಂಚಿನ ಮೇಲೆ ಕೂತಿದ್ದ ಆ ಇಬ್ಬರು ಬಾಗಿಲಲ್ಲೇ ನಿಂತಿದ್ದರು. ಆಗಲಾದರೂ ನಾನು ತಟ್ಟನೆ ಹೇಳಬೇಕಿತ್ತು. ಎರಡು ಉಸಿರು ಎಳೆಯುವಷ್ಟು ಹೊತ್ತು, ಹೆಂಡತಿ ಆ ಸ್ಥಿತಿಯಲ್ಲಿ ಬಿದ್ದಿರುವಾಗ, ಬಾಗಿಲಲ್ಲಿದ್ದವರ ಕಡೆ ನೋಡಿದೆ. ಅಂಗಡಿಯಲ್ಲಿ ಆಡಿದ ಸುಳ್ಳಿಗಿಂತ ಈ ಎರಡು ಉಸಿರು ನನ್ನನ್ನು ಹೆಚ್ಚು ತಿನ್ನುತ್ತವೆ. ಆಮೇಲೆ ಹೇಳಿದೆ: “ಅದರೀ ಸರ. ಎರಡು ವರ್ಷ ಆತು.”

ಗುಳಿಗೆ ಎಲ್ಲಿ ಎಂದು ಚೀಲವನ್ನೆಲ್ಲ ಹುಡುಕಿದೆ. ಇರಲಿಲ್ಲ. ಸಲೈನು ಏರಿ, ಇಂಜೆಕ್ಷನ್ ಬಿದ್ದು, ಮರುದಿನ ಮಾತಾಡುವಷ್ಟು ಚೇತರಿಸಿಕೊಂಡ ಮೇಲೆ ಅವಳೇ ಹೇಳಿದಳು, ಮನೆಯಲ್ಲಿ ಜೋಳದ ಡಬ್ಬಿಯ ಹಿಂದೆ ಇಟ್ಟು ಬಂದಿದ್ದೇನೆ ಎಂದು.

“ನೀವು ಅಷ್ಟು ಮಂದ್ಯಾಗ ಇಲ್ಲ ಅಂದಿದ್ರಿ. ಚೀಲದಾಗ ಸಿಕ್ಕಿದ್ರ ನಿಮ್ಮ ಮಾತು ಸುಳ್ಳಾಗ್ತಿತ್ತು.”

ಮೂರು ದಿನ ಅಲ್ಲೇ ಇದ್ದೆವು. ಉಳಿದವರು ಮಲಗಿದ ಬುದ್ಧನನ್ನು ನೋಡಿ ಬಂದು ಮೊಬೈಲಿನಲ್ಲಿ ಫೋಟೋ ತೋರಿಸಿದರು. ಅವಳು ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. “ನಮ್ಮೂರಾಗೂ ಮಲಗ್ಯಾನ ಬಿಡ್ರಿ,” ಎಂದು ಮೊಬೈಲು ವಾಪಸು ಕೊಟ್ಟು ಗೋಡೆಯ ಕಡೆ ಹೊರಳಿದಳು.

ಊರಿಗೆ ಬಂದ ಮೇಲೆ, ಆಸ್ಪತ್ರೆ ಖರ್ಚು ಕೇಳಿ ಹಾಕಿದ್ದ ಅರ್ಜಿಗೆ ವಿಮೆಯವರ ಕಾಗದ ಬಂತು. ಅಂಗಡಿಯವನೇ ಓದಿ ಹೇಳಿದ: ಇದ್ದ ರೋಗ ಮುಚ್ಚಿಟ್ಟದ್ದಕ್ಕೆ ಏನೂ ಸಿಗುವುದಿಲ್ಲ. ಅವನ ಮೇಲೆ ಕೂಗಾಡಬೇಕೆಂದೇ ಹೋಗಿದ್ದೆ. ಅವನು ನನ್ನನ್ನು ಆಡಿಕೊಳ್ಳಲಿಲ್ಲ, ಮೊದಲೇ ಹೇಳಿರಲಿಲ್ಲವೇ ಎಂದೂ ಕೇಳಲಿಲ್ಲ. ಕಾಗದ ಮಡಚಿ ಕೈಗಿಟ್ಟು, ಕುಂಡ್ರಿ ಕಾಕಾ, ಚಾ ತರಸ್ತೀನಿ ಎಂದ. ಕೂರಲಾಗದೆ ಬಂದುಬಿಟ್ಟೆ.

ಮುಂದಿನ ವರ್ಷ ಮಾಸ್ತರರು ಮತ್ತೆ ಹೊರಟರು. ತಂಗೆಮ್ಮ ನೋಡದೆ ಬಂದದ್ದನ್ನು ನೋಡಲಿ ಎಂದು ಅವರೇ ಫೋನು ಮಾಡಿದರು. ಮತ್ತೆ ಅದೇ ಅಂಗಡಿ. ಬೆಂಚಿನ ಮೇಲೆ ನಾಲ್ಕೈದು ಜನ. ಗುತ್ತೇದಾರ ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು ಅನಿಸಿತು. ಮೂರನೆಯ ಪಾಲಿಸಿಯನ್ನೇ ತೆಗಿ ಎಂದೆ. ರೋಗದ ಪ್ರಶ್ನೆ ಬಂದಾಗ ಅಂಗಡಿಯವನು ನನ್ನ ಮುಖ ನೋಡಿದ. ಎಲ್ಲರಿಗೂ ಕೇಳುವ ಹಾಗೆ, ಸಕ್ಕರೆ ರೋಗ ಇದೆ, ಉಳಿದದ್ದನ್ನು ಅವಳನ್ನೇ ಕೇಳು ಎಂದೆ. ಇಷ್ಟು ಹೇಳಿದ್ದಕ್ಕೇ ಹೆಗಲ ಮೇಲಿನ ಕಲ್ಲು ಇಳಿದ ಹಾಗಾಯಿತು.

ಅವಳು ಸೆರಗು ಸರಿಮಾಡಿಕೊಂಡು ನಿಧಾನವಾಗಿ ಹೇಳತೊಡಗಿದಳು.

“ಗುಳಿಗಿ ದಿನಕ್ಕ ಎರಡ್ರಿ. ಎಡಗಣ್ಣು ಮಬ್ಬು ಕಾಣತದ. ಪಾದ ಜುಮ್ ಅಂತಾವ, ಕಾಲಾನ ಚಪ್ಪಲಿ ಕಳಚಿ ಹಿಂದ ಉಳದ್ರೂ ಗೊತ್ತಾಗಂಗಿಲ್ರಿ.”

ಸಕ್ಕರೆಯೊಂದು ಬಿಟ್ಟರೆ ಉಳಿದ ಯಾವುದನ್ನೂ ನಾನು ಅದುವರೆಗೆ ಕೇಳಿರಲಿಲ್ಲ. ಆಸ್ಪತ್ರೆಯಲ್ಲಿ ಅವಳು ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ್ದು ನೆನಪಾಯಿತು.

ಅಂಗಡಿಯವನು ಎಲ್ಲವನ್ನೂ ಬರೆದುಕೊಂಡು ನನ್ನ ಕಡೆ ತಿರುಗಿದ. “ಕಾಕಾ, ಕಣ್ಣಿಂದು ಯಾವಾಗಿಂದ್ರಿ?”

ಬೆಂಚಿನ ಮೇಲಿದ್ದವರು ನನ್ನ ಕಡೆ ತಿರುಗಿದರು. ಅವರ ಕಡೆ ನೋಡದೆ, ನಾನು ಅವಳ ಮುಖ ನೋಡಿದೆ.