ಹಾಡ್ಯಾಡಿ ಅಳುವುದರ ಪರೀಕ್ಷೆ

ನಮ್ಮ ಕಡೆ ಸತ್ತ ಮನೆಯಲ್ಲಿ ಹೆಣ್ಣುಮಕ್ಕಳು ಸುಮ್ಮನೆ ಅಳುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ಹೆಣದ ಮಗ್ಗುಲಿಗೆ ಕೂತು, ಸತ್ತವರು ದುಡಿದದ್ದು, ಉಂಡದ್ದು, ಉಣ್ಣದೆ ಬಿಟ್ಟದ್ದು ಎಲ್ಲವನ್ನೂ ರಾಗ ಎಳೆದು ಹೇಳಿ ಅಳುತ್ತಾರೆ. ನಾನು ಪಿಎಚ್.ಡಿ.ಗೆ ಆರಿಸಿಕೊಂಡದ್ದು ಇದೇ ವಿಷಯವನ್ನು. ಬುದ್ಧಿ ನೆಟ್ಟಗಿದ್ದವರು ಆರಿಸಿಕೊಳ್ಳುವ ವಿಷಯವಲ್ಲ, ಒಪ್ಪುತ್ತೇನೆ. ಕುಷ್ಟಗಿ, ಯಲಬುರ್ಗಾದ ಒಣ ಊರುಗಳಿಂದ ಹಿಡಿದು ಸಿದ್ದಾಪುರ, ಶ್ರೀರಾಮನಗರದ ಗದ್ದೆ ಸೀಮೆಯವರೆಗೆ ಸುತ್ತಿ, ಅಳುವವರ ಮುಂದೆ ಮೊಬೈಲ್ ಹಿಡಿದು ಕೂತು, ಬೈಸಿಕೊಂಡು, ಕೆಲವು ಕಡೆ ಹೊರಗೆ ಹಾಕಿಸಿಕೊಂಡು, ಹೇಗೋ ಪ್ರಬಂಧ ಒಪ್ಪಿಸಿದೆ. ಉಳಿದದ್ದು ಮೌಖಿಕ ಪರೀಕ್ಷೆ ಒಂದೇ. ಅದಕ್ಕೆ ದಿನ ಮಾತ್ರ ಕೂಡಿ ಬರಲಿಲ್ಲ. ಹೊರಗಿನ ಪರೀಕ್ಷಕರಿಗೆ ಪುರುಸೊತ್ತಾದಾಗ ವಿಶ್ವವಿದ್ಯಾಲಯಕ್ಕೆ ರಜೆ, ವಿಶ್ವವಿದ್ಯಾಲಯ ತೆರೆದಾಗ ಅವರಿಗೆ ಬೇರೆ ಊರಿನ ಸಭೆ.

ಅದೇ ಹೊತ್ತಿಗೆ ಅವ್ವನ ಕಿಡ್ನಿ ಎರಡೂ ಕೈಕೊಟ್ಟವು. ಡಯಾಲಿಸಿಸ್‌ಗೆ ಕೊಪ್ಪಳಕ್ಕೆ ಹೋಗಿಬರಲು ಅನುಕೂಲವಾಗುತ್ತದೆಂದು ಊರಿನಿಂದ ಮುನಿರಾಬಾದಿಗೆ, ನಮ್ಮ ಕ್ವಾರ್ಟರ್ಸಿಗೆ ಕರೆತಂದೆ. ನನ್ನ ಗಂಡ ನೀರಾವರಿ ಕಚೇರಿಯಲ್ಲಿ ಕೆಲಸಕ್ಕಿದ್ದಾರೆ. ಮನೆ ಅಣೆಕಟ್ಟಿನ ಬುಡದಲ್ಲೇ ಇದೆ, ಆದರೆ ಅವ್ವನಿಗೆ ಮಾತ್ರ ಕುಡಿಯುವ ನೀರನ್ನು ಅಳೆದು ಕೊಡಬೇಕು. ಹೆಚ್ಚು ಕೊಟ್ಟರೆ ಮುಖ, ಕಾಲು ಬಾತುಕೊಳ್ಳುತ್ತಿದ್ದವು. ಅವಳು ಖಾಲಿ ಲೋಟ ನೋಡುವಾಗ ನಾನು ಬೇರೆ ಕಡೆ ನೋಡುತ್ತಿದ್ದೆ.

ಸತ್ತರೆ ಅಳಲು ಒಂದು ಹೆಣ್ಣು ಬೇಕು ಎನ್ನುವುದು ನಮ್ಮಲ್ಲಿ ಗಂಡುಮಕ್ಕಳನ್ನು ಹಡೆದವರೂ ಹೇಳುವ ಮಾತು. ಅವ್ವನಿಗೆ ನಾನೊಬ್ಬಳೇ ಹೆಣ್ಣು. ತಾನು ಹೋದ ದಿನ ಮಗಳು ನಾಲ್ಕು ಮಂದಿಯ ನಡುವೆ ಕೂತು ಹಾಡ್ಯಾಡಿ ಅಳಬೇಕು ಎನ್ನುವುದೊಂದೇ ಅವಳ ಆಸೆಯಾಗಿತ್ತು. ಅದನ್ನು ಅವಳು ಮುಚ್ಚಿಡಲೂ ಇಲ್ಲ. ನನ್ನ ಭಯ ಇದ್ದದ್ದೂ ಅಲ್ಲೇ. ವರ್ಷಗಟ್ಟಲೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕಂಡವರ ಅಳುವನ್ನು ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ಕೇಳಿ ಬರೆದುಕೊಂಡವಳು ನಾನು. ಮಗ ಸತ್ತವಳೊಬ್ಬಳು ಎದೆ ಬಡಿದುಕೊಳ್ಳುವ ಜಾಗದಲ್ಲಿ ನಾನು ‘ಪಲ್ಲವಿ ಮತ್ತೆ ಬಂತು’ ಎಂದು ಗುರುತು ಹಾಕಿದ್ದೇನೆ. ನನ್ನ ಕಣ್ಣುಗಳು ಒಣಗಿಹೋಗಿದ್ದವು. ಪರೀಕ್ಷಕರ ಪ್ರಶ್ನೆಗಳಿಗೆ ಹೇಗೋ ಉತ್ತರ ಕೊಟ್ಟೇನು, ಅವ್ವನ ಹೆಣದ ಮುಂದೆ ನನ್ನ ಬಾಯಿ ತೆರೆಯುತ್ತದೋ ಇಲ್ಲವೋ ಎಂದು ಹಗಲೆಲ್ಲ ಅದನ್ನೇ ಯೋಚಿಸುತ್ತಿದ್ದೆ.

ಇಂಥದರಲ್ಲಿ ನನ್ನ ಮಾರ್ಗದರ್ಶಕರು ಫೋನ್ ಮಾಡಿ ಇನ್ನೊಂದು ಕಲ್ಲು ಹೇರಿದರು. “ನೋಡ್ರಿ ಮೇಡಂ, ಆ ಪರೀಕ್ಷಕರು ಭಾಳ ಕಿರಿಕಿರಿ ಮನುಷ್ಯಾರ. ಪದದ ಮ್ಯಾಲ ಪ್ರಬಂಧ ಇದ್ರ ‘ಒಂದು ಹಾಡಿ ತೋರಸ್ರಿ’ ಅಂತಾರ. ತಯಾರಾಗಿ ಬರ್ರಿ.”

ತಯಾರಾಗುವುದು ಎಲ್ಲಿ? ಸಾವಿಲ್ಲದ ಮನೆಯಲ್ಲಿ ಅಳುವ ಹಾಡನ್ನು ಬಾಯಿಗೆ ತರಬಾರದು. ತಂದರೆ ಸಾವನ್ನು ಕರೆದಂತೆ. ನನಗೆ ಹಾಡಿ ಕೊಟ್ಟ ಹೆಂಗಸರೆಲ್ಲ “ಮನಿಯಾಗ ಬ್ಯಾಡವ್ವ” ಎಂದು ನನ್ನನ್ನು ಹೊಲಕ್ಕೋ ಕಾಲುವೆ ದಂಡೆಗೋ ಕರೆದೊಯ್ದೇ ಹಾಡಿದ್ದರು. ಸರಿ, ನಾನೂ ಒಂದು ಸಂಜೆ ಕಾಲುವೆ ದಂಡೆಗೆ ಹೋಗಿ ಕೂತು ಶುರು ಮಾಡಿದೆ. ನಾಲ್ಕು ಸಾಲು ಆಗಿರಲಿಲ್ಲ, ಬೈಕಿನಲ್ಲಿ ಹೋಗುತ್ತಿದ್ದವರೊಬ್ಬರು ಗಾಡಿ ಕೆಡವಿದಂತೆ ನಿಲ್ಲಿಸಿ ಓಡಿ ಬಂದರು. “ಏ ತಂಗೀ, ಏನರ ಆಗಿರಲಿ, ಜೀವ ದೊಡ್ಡದವಾ! ಗಂಡ ಬಡದಾನೇನು?” ಪರೀಕ್ಷೆಗೆ ಓದುತ್ತಿದ್ದೇನೆ ಎಂದರೆ ನಂಬಲಿಲ್ಲ. ಮನೆ ಮುಟ್ಟುವ ತನಕ ಬೈಕ್ ತಳ್ಳಿಕೊಂಡು ಹಿಂದೆಯೇ ಬಂದರು. ಪಾಪ, ಒಳ್ಳೆಯ ಮನುಷ್ಯ. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತ್ತು.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಒಂದು ಮಧ್ಯಾಹ್ನ ಅವ್ವ ಮಲಗಿದ್ದಾಳೆಂದು ನೋಡಿಕೊಂಡು, ಅಡುಗೆಮನೆಯ ಬಾಗಿಲು ಹಾಕಿ, ಶೇಂಗಾ ಹಿಂಡಿ ಮಾಡುವ ನೆಪದಲ್ಲಿ ಮಿಕ್ಸರ್ ತಿರುಗಿಸಿದೆ. ಅದರ ಸದ್ದಿನ ಒಳಗೆ ನನ್ನ ದನಿ ಮುಚ್ಚಿಹೋಗುತ್ತದೆ ಎನ್ನುವುದು ಲೆಕ್ಕಾಚಾರ. ಕುಷ್ಟಗಿ ಕಡೆಯ ಒಬ್ಬಾಕೆ ತನ್ನ ಗಂಡನಿಗೆ ಅತ್ತದ್ದನ್ನು ಎತ್ತಿಕೊಂಡೆ. ದನಿ ಕೂಡತೊಡಗಿತ್ತು, ಗಂಟಲು ಬಿಟ್ಟು ಎಳೆದೆ. ಆ ಕ್ಷಣಕ್ಕೇ ಕರೆಂಟ್ ಹೋಯಿತು. ಕರೆಂಟ್ ಹುಟ್ಟುವ ಊರಿನಲ್ಲೇ ಕರೆಂಟ್ ಹೋಗುವುದು ನಮಗೆ ಹೊಸದಲ್ಲ. ಮಿಕ್ಸರ್ ನಿಂತಿತು, ನಾನು ನಿಲ್ಲುವಷ್ಟರಲ್ಲಿ ಒಂದಿಡೀ ಸಾಲು ಕಿಟಕಿ ದಾಟಿ ಓಣಿಗೆ ಹೋಗಿತ್ತು.

ಕ್ವಾರ್ಟರ್ಸಿನಲ್ಲಿ ಅವ್ವನ ಸ್ಥಿತಿ ಗೊತ್ತಿಲ್ಲದವರು ಯಾರಿದ್ದರು? ಪಕ್ಕದ ಮನೆಯ ಅಕ್ಕ ಉರಿಯುವ ಒಲೆ ಆರಿಸಿ ಮೊದಲು ಬಂದಳು. ಅವಳ ಗಂಡ ಅದೇ ಕಚೇರಿಯಲ್ಲಿ ಜೀಪು ಓಡಿಸುತ್ತಾನೆ. ಕಷ್ಟಕ್ಕೆ ಕರೆಯದೆ ಬರುವ ಹೆಂಗಸು. ಅವಳ ಹಿಂದೆ ಇನ್ನೂ ನಾಲ್ಕೈದು ಮಂದಿ ಬಂದರು. ಯಾರಿಗೂ ಕೇಳಿಸಿರಲಿಕ್ಕಿಲ್ಲ ಎಂದುಕೊಂಡು ಮಿಕ್ಸರ್ ಬಿಚ್ಚುತ್ತಿದ್ದ ನಾನು, ಗದ್ದಲ ಕೇಳಿ ಅಡುಗೆಮನೆಯ ಚಿಲಕ ತೆಗೆದು ಓಡಿ ಬರುವ ಹೊತ್ತಿಗೆ ಎಲ್ಲರೂ ಅವ್ವನ ಮಂಚದ ಸುತ್ತ ಕೂತು “ಯವ್ವಾ, ಹಿಂಗ ಹೋಗಬಹುದಾ” ಎಂದು ಶುರು ಮಾಡಿಬಿಟ್ಟಿದ್ದರು. ಅವ್ವ ಕಣ್ಣು ಬಿಟ್ಟಳು. ಒಬ್ಬೊಬ್ಬರ ಮುಖವನ್ನೂ ನೋಡಿದಳು.

“ಯಾರು ಹೋದ್ರು?” ಎಂದು ಕೇಳಿದಳು.

ಪರೀಕ್ಷೆಗೆ ಹಾಡು ಕಲಿಯುತ್ತಿದ್ದೆ ಎಂದು ನಾನು ಬಾಗಿಲಲ್ಲೇ ತೊದಲಿದೆ. ಪಕ್ಕದ ಮನೆ ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡು, “ಯಾರೂ ಇಲ್ಲಬೇ ಯಮ್ಮಾ, ನಿನ್ನ ಮಗಳ ಪರೀಕ್ಷಾ ಐತಂತ” ಎಂದಳು. ಬದುಕಿದ್ದವರ ಸಾವಿನ ಸುದ್ದಿ ಹುಟ್ಟಿದರೆ ಆಯುಷ್ಯ ಗಟ್ಟಿಯಾಗುತ್ತದೆ ಎಂದು ಒಬ್ಬಳು ಸಮಾಧಾನ ಹೇಳಿದಳು. ಎಲ್ಲರೂ ಹೌದು ಹೌದು ಎಂದು ಗೋಣು ಹಾಕಿ ಎದ್ದು ಹೋದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮರುದಿನ ನಾನು ಅವ್ವನ ಮಂಚದ ಕೆಳಗೆ ಕೂತು ಅಕ್ಕಿ ಹಸನು ಮಾಡುತ್ತಿದ್ದಾಗ ತಾನೇ ಮಾತು ತೆಗೆದಳು.

“ನಿನ್ನಿ ಯಾರಿಗೆ ಅಳಾಕತ್ತಿದ್ದಿ?”

“ಯಾರಿಗೂ ಇಲ್ಲಬೇ. ಒಬ್ಬಾಕಿ ತನ್ನ ಗಂಡಗ ಅತ್ತಿದ್ದು ಅದು.”

“ಮಂದಿ ಗಂಡಗ ಅಷ್ಟು ಛಂದ ಅಳ್ತಿ. ನನಗ ಏನಂತ ಅಳ್ತಿ ಹೇಳು.”

“ಬಿಡ್ತು ಅನ್ನಬೇ! ಇಂಥಾ ಮಾತು ಆಡತಾರೇನು?”

“ಸತ್ತಮ್ಯಾಲ ಕಿವಿ ಕೇಳತಾವೇನು ನನಗ? ಈಗ ಹೇಳು.”

ಅವಳು ಬಿಡುವವಳಲ್ಲ. ಕೊನೆಗೆ ರಾಗವಿಲ್ಲದೆ, ಪಾಠ ಒಪ್ಪಿಸುವಂತೆ ಶುರು ಮಾಡಿದೆ. ಎಣ್ಣೆ ಕಾಣದ ತಲೆಯವಳೇ ಎಂದೆ.

“ಎಣ್ಣಿ ಯಾಕ ಕಂಡಿಲ್ಲ? ವಾರಕ್ಕೊಮ್ಮಿ ಹಚ್ಚತಿದ್ದೆ. ಸುಳ್ಳ ಹೇಳಬ್ಯಾಡ.”

ಅಪ್ಪನೊಂದಿಗೆ ಜೋಡೆತ್ತಿನಂತೆ ಬಾಳಿದವಳೇ ಎಂದೆ.

“ಅದಂತೂ ಬ್ಯಾಡಽ ಬ್ಯಾಡ. ಊರ ಮಂದಿ ಮಾರಿ ತಿರುವಿ ನಗತಾರ.”

“ಕೂಲಿ ಮಾಡಿ ನನಗ ಸಾಲಿ ಕಲಿಸಿದಿ ಅಂತ ಅನ್ಲ್ಯಾ?”

“ಅದನ್ನ ಅನ್ನು. ಜೋರಾಗಿ ಅನ್ನು. ನಿಮ್ಮ ಕಾಕಾನ ಕಿವಿಗೆ ಬೀಳಲಿ. ಹೆಣ್ಣಿಗ್ಯಾಕ ಸಾಲಿ ಅಂತ ನನ್ನ ಸಂಗಾಟ ಎಷ್ಟು ಜಗಳಾ ಮಾಡ್ಯಾನ!”

ನನ್ನ ಮಾರ್ಗದರ್ಶಕರು ಒಂದು ಅಧ್ಯಾಯವನ್ನೂ ಇಷ್ಟು ಗಮನ ಕೊಟ್ಟು ತಿದ್ದಿರಲಿಲ್ಲ. ನನಗೆ ನಗು ಬಂತು, ಅವಳೂ ನಕ್ಕಳು. ಆ ಹುರುಪಿನಲ್ಲಿ ನಾನು ಮುಂದಿನ ಸಾಲಿಗೆ ಹೋದೆ. ಯಾವ ಊರಿನಲ್ಲಿ ಯಾರು ಅತ್ತರೂ ಅದಿಲ್ಲದೆ ಅಳು ಮುಗಿಯುವುದಿಲ್ಲ. ನನ್ನ ಬಿಟ್ಟು ಹ್ಯಾಂಗ ಹೋದಿ ಎಂದೆ.

ಅವ್ವನ ನಗು ನಿಂತಿತು. “ಹಂಗ ಅನಬ್ಯಾಡ. ನಾ ಬಿಟ್ಟು ಹೋಗಾಕಿ ಅಲ್ಲ. ಒಯ್ತಾರ” ಎಂದಳು.

ಅಕ್ಕಿಯ ಮೊರದಲ್ಲೇ ಮುಖ ಇಟ್ಟು ಅತ್ತೆ. ರಾಗವಿಲ್ಲ, ಪದವಿಲ್ಲ, ಮೂಗು ಬಾಯಿ ಒಂದಾಗಿ ದನಕರುಗಳ ಹಾಗೆ ಅತ್ತೆ. ಎಷ್ಟೋ ವರ್ಷದ ಮೇಲೆ ಬಂದ ಅಳು. ಅವ್ವ ಸೂಜಿ ಚುಚ್ಚಿ ಗಂಟುಗಟ್ಟಿದ ಕೈಯನ್ನು ನನ್ನ ತಲೆಯ ಮೇಲೆ ಇಟ್ಟಿದ್ದಳು. “ಸಾಕು ಸಾಕು, ಅಕ್ಕಿ ತೊಯ್ತಾವ” ಎಂದಳು.

ಕೆಲವು ವಾರಗಳ ಮೇಲೆ ದಿನಾಂಕ ಬಂತು. ಮುಕ್ತ ಮೌಖಿಕ ಪರೀಕ್ಷೆ, ಯಾರು ಬೇಕಾದರೂ ಬಂದು ಕೂರಬಹುದು. ಅವ್ವ ತಾನೂ ಬರುತ್ತೇನೆ ಎಂದಳು. ಯಾವ ಸೀರೆ ಉಡುವುದೆಂದು ಪಕ್ಕದ ಮನೆ ಅಕ್ಕನ ಜೊತೆ ಮಾತುಕತೆಯೂ ಆಯಿತು. ಪರೀಕ್ಷೆಗೆ ಇನ್ನೂ ದಿನಗಳಿರುವಾಗಲೇ ಒಂದು ಬೆಳಿಗ್ಗೆ ಆಸ್ಪತ್ರೆಯ ಯಂತ್ರದ ಮಗ್ಗುಲಲ್ಲೇ ಹೋಗಿಬಿಟ್ಟಳು. ನಾನು ಹೊರಗೆ ಚಹಾ ಕುಡಿಯುತ್ತಿದ್ದೆ.

ಊರಿಗೆ ಒಯ್ದೆವು. ಯಲಬುರ್ಗಾ ದಾಟಿ ಆ ಕಡೆ ನಮ್ಮೂರು. ಪಕ್ಕದ ಮನೆ ಅಕ್ಕ ಗಾಡಿಯಲ್ಲಿ ನನ್ನ ಜೊತೆಗೇ ಬಂದಳು. ಮನೆ ಮುಂದೆ ಹೆಂಗಸರು ನೆರೆದಿದ್ದರು. ತಲೆದಿಂಬಿನ ಕಡೆ ಮಗಳಿಗೆಂದು ಜಾಗ ಬಿಟ್ಟಿದ್ದರು. ಕೂತೆ. ಎಲ್ಲರೂ ಬಾಯಿ ಮುಚ್ಚಿ ಕಾದರು, ಮಗಳು ಹಾಡು ಎತ್ತಿಕೊಂಡ ಮೇಲೆಯೇ ಉಳಿದವರು ದನಿ ಕೂಡಿಸುವುದು ಪದ್ಧತಿ. ಅವ್ವ ತಿದ್ದಿ ಕೊಟ್ಟ ಸಾಲುಗಳೆಲ್ಲ ಒಂದೂ ತಪ್ಪದೆ ನೆನಪಿನಲ್ಲಿದ್ದವು. ಕಾಕಾ ಎದುರಿಗೇ ಕಂಬಕ್ಕೆ ಒರಗಿ ನಿಂತಿದ್ದ. ನನ್ನ ಬಾಯಿ ತೆರೆಯಲಿಲ್ಲ. ಕಣ್ಣಿನಲ್ಲಿ ಒಂದು ಹನಿಯೂ ಬರಲಿಲ್ಲ. ಅಕ್ಕ ನನ್ನ ಬೆನ್ನು ಗುದ್ದಿದಳು. “ಬಾಯಿ ಬಿಡು ತಂಗೀ, ಎದಿ ಒಡದೀತು. ಅಳು!” ಆಗಲೇ ಹಿಂದೆ ಯಾರೋ “ಭಾಳ ಓದ್ಯಾಳಲ್ಲ, ನಾಚಿಕಿ ಬಂದಿರಬೇಕು” ಎಂದದ್ದು ಕೇಳಿಸಿತು. ಕೊನೆಗೆ ಆ ಅಕ್ಕನೇ, ಆ ಊರಿಗೆ ಏನೂ ಆಗಬೇಕಾದವಳಲ್ಲದ ಹೆಂಗಸು, ನನ್ನ ಅವ್ವನಿಗೆ ಹಾಡು ಎತ್ತಿಕೊಂಡು ಅತ್ತಳು.

ಪರೀಕ್ಷೆಯನ್ನು ಮುಂದಕ್ಕೆ ಹಾಕಿಸೋಣವೇ ಎಂದು ಮಾರ್ಗದರ್ಶಕರು ಕೇಳಿದರು. ಇನ್ನೊಮ್ಮೆ ಕಾಯುವ ತ್ರಾಣ ನನ್ನಲ್ಲಿರಲಿಲ್ಲ, ಬೇಡವೆಂದೆ. ಹೊರಡುವ ದಿನ ಅಕ್ಕ ತಯಾರಾಗಿ ಬಾಗಿಲಲ್ಲಿ ನಿಂತಿದ್ದಳು. “ನಿಮ್ಮವ್ವ ಬರಾಕಿ ಇದ್ದಳಲ್ಲ. ಆಕಿ ಬದಲಿ ನಾ ಬರ್ತೇನಿ ನಡಿ” ಎಂದಳು.

ಪರೀಕ್ಷಕರು ಹಾಡಲು ಹೇಳಲೇ ಇಲ್ಲ. ಅಡಿಟಿಪ್ಪಣಿಗಳ ಬಗ್ಗೆ ಕೇಳಿದರು, ತಾಲೂಕಿನಿಂದ ತಾಲೂಕಿಗೆ ರಾಗ ಬದಲಾಗುತ್ತದೆಯೇ ಎಂದು ಕೇಳಿದರು. ಕೊನೆಯ ಅಧ್ಯಾಯವನ್ನು ತುಂಬ ಹೊಗಳಿದರು. ಈ ಅಳು ಸತ್ತವರಿಗಾಗಿ ಅಲ್ಲ, ಸತ್ತವರು ಕೇಳುವುದಿಲ್ಲ, ಇದು ಬದುಕಿದವರು ಬದುಕಿದವರಿಗೆ ಹೇಳುವ ಮಾತು ಎಂದು ನಾನು ಅಲ್ಲಿ ಬರೆದಿದ್ದೆ. ಆಮೇಲೆ ಅಧ್ಯಕ್ಷರು ಪದ್ಧತಿಯಂತೆ ಸಭೆಯ ಕಡೆ ತಿರುಗಿ, ಯಾರದಾದರೂ ಪ್ರಶ್ನೆಯಿದ್ದರೆ ಕೇಳಬಹುದು ಎಂದರು. ಇದಕ್ಕೆಂದೇ ಒಬ್ಬ ಸಂಶೋಧಕಿಗೆ ಸುಲಭದ ಪ್ರಶ್ನೆಯೊಂದನ್ನು ಮೊದಲೇ ಹೇಳಿಕೊಟ್ಟಿರುತ್ತೇವೆ. ಎಲ್ಲರೂ ಹಾಗೇ ಮಾಡುತ್ತಾರೆ. ಅವಳು ಕೇಳಿದಳು, ನಾನು ಗಿಣಿಪಾಠ ಒಪ್ಪಿಸಿದೆ. ಮುಗಿಯಿತು ಎನ್ನುವಷ್ಟರಲ್ಲಿ ಮುಂದಿನ ಸಾಲಿನಿಂದ ಅಕ್ಕ ಎದ್ದು ನಿಂತಳು.

“ನಾನೂ ಕೇಳಬಹುದೇನ್ರಿ?”

“ಕೇಳಿ ತಾಯಿ” ಎಂದರು ಅಧ್ಯಕ್ಷರು.

“ಊರ ಮಂದಿ ಅಳೂದೆಲ್ಲಾ ಬರದೀಯಂತ ತಂಗೀ. ನಿಮ್ಮವ್ವ ಹೋದ ದಿನ ನೀ ಯಾಕ ಅಳಲಿಲ್ಲ?”

ಅವಳ ದನಿಯಲ್ಲಿ ಚುಚ್ಚುಮಾತಿನ ಸೋಂಕೂ ಇರಲಿಲ್ಲ. ಆ ದಿನದಿಂದ ಅವಳನ್ನು ತಿನ್ನುತ್ತಿದ್ದ ಪ್ರಶ್ನೆ ಅದು. ಕೇಳಲು ಅವಕಾಶ ಕೊಟ್ಟರು, ಕೇಳಿದಳು. ಮಾರ್ಗದರ್ಶಕರು ತಲೆ ತಗ್ಗಿಸಿದರು. ಪುಸ್ತಕದ ಭಾಷೆ ನನ್ನ ನಾಲಗೆಗೆ ಬರಲಿಲ್ಲ.

“ಆಕಿ ಇದ್ದಾಗ ಅತ್ತಿದ್ದೆ ಅಕ್ಕಾ” ಎಂದೆ. “ಆಕಿ ಮುಂದ ಕೂತು ಅತ್ತೆ, ಆಕಿ ಕೇಳ್ಯಾಳ. ಕೇಳಾಕ ಆಕಿನಽ ಇಲ್ಲದಾಗ ಮತ್ಯಾರಿಗೆ ಅಳಲಿ?”

ಹೊರಗಿನ ಪರೀಕ್ಷಕರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಬಹುಶಃ ಕೊನೆಯ ಅಧ್ಯಾಯ ಅವರಿಗೆ ನೆನಪಾಗಿರಬೇಕು. ಅಧ್ಯಕ್ಷರು, ಪ್ರಶ್ನೆ ಹಾಕಿದವರನ್ನೆಲ್ಲ ಕೇಳುವ ಪದ್ಧತಿಯಂತೆ, ಅಕ್ಕನನ್ನೂ ಕೇಳಿದರು, “ಈ ಉತ್ತರ ನಿಮಗೆ ಸಮಾಧಾನ ತಂದಿತೇ ತಾಯಿ?”

ಅಕ್ಕ ನನ್ನನ್ನೊಮ್ಮೆ ನೋಡಿ ಅಧ್ಯಕ್ಷರ ಕಡೆ ತಿರುಗಿದಳು.

“ಇಲ್ರೀ” ಎಂದಳು. “ಅಳಬೇಕಿತ್ತು.”

ಅವಳು ಕೂತಳು. ಪದವಿ ಕೊಡಬಹುದೆಂದು ಘೋಷಿಸಿದರು, ಚಪ್ಪಾಳೆ ಬಿತ್ತು. ನಾನು ಕೈಮುಗಿದೆ. ಅಳಬೇಕಿತ್ತು.